ಅಮ್ಮನ ಎಡಗೈ ಸೌಟು

ಲಂಡನ್ನಿನಲ್ಲಿ ಓದುತ್ತಿದ್ದ ಆ ಒಂದು ವರ್ಷ ನಾನೂ ನನ್ನ ಗೆಳತಿಯೂ ಭಾನುವಾರ ತಪ್ಪದೆ ಮ್ಯೂಸಿಯಮ್ಮಿಗೆ ಹೋಗುತ್ತಿದ್ದೆವು. ಕಲೆಯ ಮೇಲಿನ ಪ್ರೀತಿ ಅಂತ ಮನೆಗೆ ಹೇಳಿದ್ದೆವು. ನಿಜವೇನೆಂದರೆ ಒಳಗೆ ಬೆಚ್ಚಗಿರುತ್ತಿತ್ತು, ಟಿಕೆಟ್ ಇರಲಿಲ್ಲ, ಬಾತ್‌ರೂಮು ಚೊಕ್ಕಟವಾಗಿತ್ತು. ಅವಳು ಮೂಡಿಗೆರೆ ಕಡೆಯವಳು, ನಾನು ಆಲ್ದೂರಿನವಳು. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಒಂದೇ ಬೆಂಚು. ಸಿಸ್ಟರ್ ಕಲಿಸಿದ್ದನ್ನು ಅಲ್ಲೂ ಬಿಟ್ಟಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ ಗಾಜಿನ ಕಪಾಟುಗಳ ಮುಂದೆ ನಡೆಯುತ್ತಿದ್ದೆವು.

ಕಿರೀಟ, ಕತ್ತಿ ಇಟ್ಟ ಕೋಣೆಗಳಲ್ಲಿ ಜನ ಜಾಸ್ತಿ. ನಾವು ಹೋಗುತ್ತಿದ್ದುದು ಮೇಲಿನ ಮಹಡಿಗೆ, ಹಳೆಯ ಮನೆಗಳ ಪಾತ್ರೆ ಪಡಗ ಇಟ್ಟ ಕಡೆಗೆ. ಅಲ್ಲೊಂದು ಆಟವಿತ್ತು. ಒಬ್ಬಳು ವಿವರದ ಚೀಟಿ ಕಾಣದ ಹಾಗೆ ಗಾಜಿಗೆ ಅಂಗೈ ಅಡ್ಡ ಇಡುವುದು, ಇನ್ನೊಬ್ಬಳು ಆ ವಸ್ತು ಯಾರ ಕೈಯಲ್ಲಿತ್ತು ಅಂತ ಹೇಳುವುದು. ಕಾವಲಿನವನು ದೂರದಿಂದಲೇ ಕೆಮ್ಮುತ್ತಿದ್ದ. ಅವಳ ಉತ್ತರ ಯಾವಾಗಲೂ ಒಂದು ಕೊಲೆಯಲ್ಲಿ ಮುಗಿಯುತ್ತಿತ್ತು.

"ಈ ಬಟ್ಟಲಲ್ಲೇ ನೋಡು, ಗಂಡನಿಗೆ ವಿಷ ಹಾಕಿದ್ದು."

"ಅದು ಮಗುವಿನ ಗಂಜಿ ಬಟ್ಟಲು ಮಾರಾಯ್ತಿ!"

"ಇರ್ಲಿ ಬಿಡೇ. ಗಂಡ ಗಂಜಿ ಕುಡಿಯಲ್ವಾ?"

ಒಂದು ಭಾನುವಾರ ಅಲ್ಲೊಂದು ಮರದ ಸೌಟು ಕಂಡಿತು. ಅದರ ಅಂಚು ಓರೆಯಾಗಿ ಸವೆದಿತ್ತು. ಎಲ್ಲರ ಅಡುಗೆಮನೆಯಲ್ಲಿ ಸವೆಯುವ ಕಡೆಯಲ್ಲ, ಅದರ ಎದುರು ಕಡೆ. "ಎಡಗೈಯವಳದ್ದು" ಅಂದೆ. ನನ್ನಮ್ಮನ ಸೌಟೂ ಹಾಗೇ ಇತ್ತು.

ಕೋಣೆಯ ನಡುವಿನ ಬೆಂಚಿನಲ್ಲಿ ಕೂತು ಅವಳಿಗೆ ಹೇಳಿದೆ. ಅಮ್ಮ ಎಡಚಿ. ಬಡಿಸುವುದು ಬಲಗೈಲೇ ಆಗಬೇಕಲ್ಲ, ನೆಂಟರ ಎದುರು ಹಾಗೇ ಬಡಿಸಹೋಗಿ ಎಲೆಯಾಚೆ ಸಾರು ಚೆಲ್ಲಿ ಮುಖ ಕೆಂಪು ಮಾಡಿಕೊಳ್ಳುತ್ತಿದ್ದಳು. ಒಲೆಯ ಮುಂದೆ ಮಾತ್ರ ಎಡಗೈಯೇ. ನೆಂಟರು ಬಂದ ದಿನ ನನ್ನಜ್ಜಿ, ಅಂದರೆ ಅಮ್ಮನ ಅತ್ತೆ, ಅಡುಗೆಮನೆ ಬಾಗಿಲು ಹಾಕಿ, ಮಡಿಲ ತುಂಬ ಬೀನ್ಸು ಸುರಿದುಕೊಂಡು ಹೊರಗೆ ಅಡ್ಡಲಾಗಿ ಕೂರುತ್ತಿದ್ದಳು. ಯಾರಾದರೂ ಒಳಗೆ ಹೋಗಲು ಬಂದರೆ "ಹೊಗೆ ಕಣ್ರೇ, ಅಲ್ಲೇ ಕೂತ್ಕೊಳ್ಳಿ" ಅನ್ನುತ್ತಿದ್ದಳು. ಒಳಗೆ ಅಮ್ಮ ನಿಶ್ಚಿಂತೆಯಿಂದ ಎಡಗೈಲಿ ಸಾರು ತಿರುವುತ್ತಿದ್ದಳು. ಅತ್ತೆ ಸೊಸೆ ಈ ಬಗ್ಗೆ ಒಂದು ಮಾತಾಡಿಕೊಂಡದ್ದನ್ನೂ ನಾನು ಕೇಳಿಲ್ಲ.

ಗೆಳತಿ ನನ್ನ ಕೈ ಹಿಡಿದುಕೊಂಡೇ ಕೇಳಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅದು ಸುಳ್ಳಲ್ಲ, ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಇಬ್ಬರೂ ಊರಿಗೆ ಬಂದು ಮದುವೆಯಾದೆವು. ಅಜ್ಜಿ ಹೋದಳು, ಆಮೇಲೆ ಅಮ್ಮ. ಹೋದ ವರ್ಷ ಗೆಳತಿ ಕೊಟ್ಟಿಗೆಹಾರದ ಹತ್ತಿರ ತನ್ನ ಹೋಮ್‌ಸ್ಟೇ ಪಕ್ಕದ ಕಾಫಿ ಗೋಡೌನನ್ನು ಸುಣ್ಣ ಹೊಡೆಸಿ ಮ್ಯೂಸಿಯಂ ಮಾಡಿದಳು. ಹಳೇ ಅಡುಗೆಮನೆಯ ಸಾಮಾನುಗಳದ್ದು.

"ನಿನ್ನಮ್ಮನ ಸೌಟು ಕೊಡೇ. ಆ ಬೆಂಚು ನೆನಪಿದ್ಯಾ? ಸೌಟನ್ನೇ ನಡುವೆ ಇಡ್ತೀನಿ" ಅಂದಳು. ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟೆ.

ನಮ್ಮವರಿಗೆ ಮೂಡಿಗೆರೆಯಲ್ಲೇನೋ ಕೆಲಸವಿದ್ದ ದಿನ, ಅದು ಮುಗಿದ ಮೇಲೆ ಅವಳಿಗೆ ಹೇಳದೆ ಹಾಗೇ ಮುಂದೆ ಹೋದೆವು. ಅವರು ಜೀಪಿನಲ್ಲೇ ಕೂತರು. ಒಳಗೆ ಪ್ರವಾಸಿಗರ ಗುಂಪೊಂದಿತ್ತು, ನಾನು ಹಿಂದೆ ನಿಂತೆ. ಸೌಟು ನಿಜಕ್ಕೂ ನಡುಗೋಡೆಯಲ್ಲಿ ತೂಗುತ್ತಿತ್ತು, ಮೇಲೊಂದು ದೀಪ. ಗೆಳತಿ ಹೇಳುತ್ತಿದ್ದಳು:

"ನಮ್ಮಜ್ಜಿ ಎಡಚಿ. ಮದುವೆಯಾಗಿ ಬಂದ ಹೊಸದು. ಎಡಗೈಲಿ ಸಾರು ತಿರುವೋದು ಅತ್ತೆ ಕಣ್ಣಿಗೆ ಬಿತ್ತು ನೋಡಿ. ಅಡುಗೆಮನೆ ಬಾಗಿಲು ಹಾಕಿ, ಇದೇ ಸೌಟನ್ನ ಕೆಂಡಕ್ಕೆ ಹಿಡಿದು, ಅದೇ ಕೈಗೆ... ಕಪ್ಪು ಕಾಣ್ತಿದ್ಯಲ್ಲ?"

"ಅಯ್ಯಯ್ಯೋ!" ಅಂದಳೊಬ್ಬಳು. ಫೋನುಗಳು ಮೇಲೆದ್ದವು.

ಆ ಕಪ್ಪು ನನಗೆ ಗೊತ್ತು. ಪಕ್ಕದ ಒಲೆಯ ಹಾಲು ಉಕ್ಕಿತೆಂದು ಅಮ್ಮ ಸೌಟನ್ನು ಒಲೆಯ ಬಾಯಲ್ಲೇ ಬಿಟ್ಟು ಓಡಿದಾಗ ಹತ್ತಿದ್ದು. ನಾನು ಹೇಳಿದ್ದರಲ್ಲಿ ಎಡಗೈಯನ್ನೂ ಬಾಗಿಲನ್ನೂ ಮಾತ್ರ ಅವಳು ಹಾಗೇ ಇಟ್ಟುಕೊಂಡಿದ್ದಳು.

ನನ್ನನ್ನು ನೋಡಿದವಳೇ ಗುಂಪನ್ನು ಊಟಕ್ಕೆ ಕಳಿಸಿ ಬಂದಳು. "ಏ, ಒಂದು ಫೋನಾದ್ರೂ ಮಾಡ್ಬಾರ್ದಾ ಮಾರಾಯ್ತಿ! ಕಾಫಿ ತರಿಸ್ಲಾ?"

"ನನ್ನಜ್ಜಿ ಕೈ ಸುಟ್ಟಳಾ?"

"ನಿನ್ನಜ್ಜಿ ಅಂದ್ನಾ ನಾನು? ನಮ್ಮನೆ ಕಥೆ ಅಂತ ತಾನೆ ಹೇಳಿದ್ದು. ನಿಮ್ಮನೆಯವ್ರ ಹೆಸರೇ ಬರಲ್ಲ, ನಿಂಗೇನು ನಷ್ಟ?"

"ಬಾಗಿಲು ಹಾಕ್ತಿದ್ದದ್ದು ಯಾಕೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಮೊದಮೊದಲು ಅದನ್ನೇ ಹೇಳ್ತಿದ್ದೆ ಕಣೇ, ದೇವರಾಣೆ. ಬೀನ್ಸು ಮುರೀತಾ ಕೂತ ಅತ್ತೆ ಅಂದ್ರೆ ಯಾರು ನಿಂತು ಕೇಳ್ತಾರೆ? ಎಲ್ರೂ ಊಟ ಎಷ್ಟೊತ್ತಿಗೆ ಅಂತಾರೆ."

ಸೌಟು ಕೊಡು ಅಂದೆ. ಸಾಯಂಕಾಲ ಇನ್ನೊಂದು ಗುಂಪಿದೆ, ನಾಳೆ ಕಳಿಸ್ತೀನಿ ಅಂದಳು. ನಾನೇ ಕೊಕ್ಕೆಯಿಂದ ಬಿಡಿಸಿಕೊಂಡೆ. ಅವಳು ತಡೆಯಲಿಲ್ಲ. "ಇಷ್ಟಕ್ಕೆಲ್ಲಾ..." ಅಂದಳು.

ಜೀಪು ಹೊರಟ ಮೇಲೆ ಸೌಟು ಅಂಗೈಗೆ ಅಂಟಂಟಾಯಿತು. ನಮ್ಮವರು ತಿರುಗಿ ನೋಡಿ, "ಇದೇನೇ, ಹೊಸದರ ಹಾಗೆ ಮಿಂಚ್ತಿದೆ?" ಅಂದರು. ವಾರ್ನಿಷ್ ಬಳಿದಿದ್ದಳು.

ಈಗ ಆ ಕೊಕ್ಕೆಗೆ ಬೇರೆ ಯಾವುದೋ ಸೌಟು ಬಂದಿದೆಯಂತೆ. ಪಕ್ಕದ ತೋಟದವರು ತಮ್ಮ ನೆಂಟರನ್ನು ಕರಕೊಂಡು ಹೋಗಿದ್ದರು, ಅತ್ತೆಯ ಕಥೆ ಕೇಳಿ ಎದೆ ಝಲ್ಲೆಂದಿತು ಅಂದರು. ಆ ಸೌಟು ಯಾವ ಕಡೆ ಸವೆದಿತ್ತು ಅಂತ ಕೇಳಿದೆ. ಯಾರೂ ನೋಡಿರಲಿಲ್ಲ.

ಅಮ್ಮನ ಸೌಟನ್ನು ಸಾರಿಗೆ ಹಾಕಿದರೆ ವಾರ್ನಿಷ್ ವಾಸನೆ ಬರುತ್ತದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಉಪ್ಪುಕಾಗದ ಹಿಡಿದು ಜಗಲಿಯಲ್ಲಿ ಕೂರುತ್ತೇನೆ. ಹಿಡಿ ಪೂರ್ತಿ ಹಳೇ ಬಣ್ಣಕ್ಕೆ ಬಂದಿದೆ. ಓರೆಯಾಗಿ ಸವೆದ ಅಂಚಿನ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಅಲ್ಲಿ ಉಜ್ಜಿದರೆ ಅಮ್ಮ ಸವೆಸಿದ್ದಕ್ಕೆ ನಾನು ಸವೆಸಿದ್ದೂ ಸೇರಿಹೋಗುತ್ತದೆ. ಉಜ್ಜದಿದ್ದರೆ ಗೆಳತಿ ಬಳಿದದ್ದು ಉಳಿಯುತ್ತದೆ. ಆ ಒಂದಿಷ್ಟನ್ನು ಹಾಗೇ ಬಿಟ್ಟಿದ್ದೇನೆ. ಬಿಸಿಲು ಬಿದ್ದಾಗ ಮಿಂಚುತ್ತದೆ.