ಕುಂಕುಮದ ಹೊತ್ತಿಗೆ ಕಾಫಿ

ಕಮಲವ್ವ ವಸಂತಲಕ್ಷ್ಮಿಯನ್ನು ಮೊದಲು ಕಂಡದ್ದು ಅಮೆರಿಕದ ಸಮಾಮಿಶ್‌ ಊರಿನ ಅವರ ಮನೆಯಲ್ಲಿ, ವರಮಹಾಲಕ್ಷ್ಮಿ ಪೂಜೆಯ ದಿನ. ಗಂಡ ತೀರಿಹೋದ ಮೇಲೆ ಕಮಲವ್ವ ಗದಗಿನಿಂದ ಬಂದು ಅಲ್ಲೇ ಆಚೆಯೂರು ಮಿಲ್ ಕ್ರೀಕ್‌ನಲ್ಲಿ ಮಗಳು ಸ್ವಪ್ನಾಳ ಹತ್ತಿರ ಇದ್ದಳು. "ಬಾರವ್ವ, ಒಬ್ಬಾಕೀನ ಮನ್ಯಾಗ ಕುಂತು ಏನ್ ಮಾಡ್ತಿ?" ಅಂತ ಸ್ವಪ್ನಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದಳು.

ಆರತಿ ಮುಗಿಯಿತು. ಅರಿಶಿನ ಕುಂಕುಮದ ತಟ್ಟೆ ಹೊರಟದ್ದನ್ನು ಕಂಡು ಕಮಲವ್ವನಿಗೆ ಎಲ್ಲಿ ಎದ್ದು ಹೋಗಬೇಕೋ ತಿಳಿಯಲಿಲ್ಲ. ಗದಗಿನ ಮನೆಯಾದರೆ ಹಿತ್ತಲಿತ್ತು. ಇಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಗೋಡೆಯೇ ಇಲ್ಲ.

ಆಗ ಮನೆಯೊಡತಿ ವಸಂತಲಕ್ಷ್ಮಿ, ಮೈಸೂರಿನವರು, ಹತ್ತಿರ ಬಂದು, "ಕಮಲಮ್ಮ, ಸ್ವಲ್ಪ ಕಾಫಿ ನೋಡ್ಕೋತೀರಾ?" ಅಂದರು. "ಟೀ ಥರ ಕುದಿಸ್ಬಿಟ್ಟೀರಿ ಮತ್ತೆ! ನಮ್ಮನೆಯವರು ಮೂಸಿ ನೋಡಿ ಇಟ್ಬಿಡ್ತಾರೆ."

"ಕುದಸೂದಿಲ್ರಿ. ನೀವ್ ಹೇಳ್ದಂಗ ಮಾಡ್ತೀನಿ."

ಕಮಲವ್ವ ಒಲೆಯ ಕಡೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಬಳೆ ಸದ್ದು, ನಗು. ಯಾರೂ ಅವಳನ್ನು ಕರೆಯಬೇಕಾಗಲಿಲ್ಲ, ಕರೆಯದೆ ಬಿಡಬೇಕಾಗಲೂ ಇಲ್ಲ. ಕೈಯಲ್ಲಿ ಕೆಲಸವಿತ್ತು.

ಅಲ್ಲಿಂದ ಅದೇ ರೂಢಿಯಾಯಿತು. ಗೌರಿ ಹಬ್ಬ, ಸೀಮಂತ, ದಸರಾ ಗೊಂಬೆ, ಯಾರ ಮನೆಯಾದರೂ ಮುಂದೆ ನಿಂತು ನಡೆಸುವವರು ವಸಂತಲಕ್ಷ್ಮಿಯೇ. ಹೊಸದಾಗಿ ಬಂದ ಹುಡುಗಿಯರಿಗೆ ಕಳಶಕ್ಕೆ ಸೀರೆ ಉಡಿಸುವುದು ಕಲಿಸಿದವರು ಅವರು. ಮಾವಿನೆಲೆ ಸಿಗದಾಗ ಯಾವ ಎಲೆ ಆದೀತು ಅಂತ ತೀರ್ಮಾನ ಹೇಳುವವರೂ ಅವರೇ. ಮನೆಯಲ್ಲಿ ಮಗ ಸೊಸೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು, ಮೊಮ್ಮಕ್ಕಳು ಇಂಗ್ಲಿಷ್. "ಈ ಹಬ್ಬಗಳಿಲ್ದಿದ್ರೆ ನಾನು ಫ್ರಿಜ್ಜಿನ ಹತ್ರ ಮಾತಾಡ್ಬೇಕಾಗಿತ್ತು ಕಮಲಮ್ಮ," ಅನ್ನುತ್ತಿದ್ದರು.

ಕುಂಕುಮದ ತಟ್ಟೆ ಕೈಗೆತ್ತಿಕೊಳ್ಳುವ ಮುಂಚೆ ಮಾತ್ರ ಮರೆಯದೆ ಬಂದು ಕಾಫಿಯ ಮಾತೆತ್ತುತ್ತಿದ್ದರು. ಅದು ಕನಿಕರವೋ, ದೂರ ಇಡುವುದೋ, ಕಮಲವ್ವ ಕೇಳಲಿಲ್ಲ. ಕಾಫಿ ಮಾಡುವುದು ಕೈಗೆ ಹತ್ತಿತು. ವಸಂತಲಕ್ಷ್ಮಿಯ ಯಜಮಾನರು ಸುಬ್ಬಣ್ಣನವರು ಮತ್ತೆ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಒಂದು ಚಳಿಗಾಲ ಸುಬ್ಬಣ್ಣನವರು ತೀರಿಹೋದರು. ವಸಂತಲಕ್ಷ್ಮಿ ಅಳುವುದನ್ನು ಕಮಲವ್ವ ನೋಡಲಿಲ್ಲ. ಬಂದವರನ್ನೆಲ್ಲ "ಊಟ ಆಯ್ತಾ?" ಅಂತ ಕೇಳುತ್ತಿದ್ದರು, ಅಷ್ಟೇ. ಆಮೇಲೆ ಯಾರ ಮನೆಗೂ ಬರಲಿಲ್ಲ.

ಶ್ರಾವಣದಲ್ಲಿ ಪೂರ್ಣಿಮಾ ಎಂಬ ಹುಡುಗಿ ತನ್ನ ಮನೆಯ ಪೂಜೆಗೆ ಅವರನ್ನು ಬಲವಂತ ಮಾಡಿ ಕರೆತಂದಳು. "ಆಂಟಿ, ಎಲ್ಲಾ ನೀವೇ ಕಲಿಸಿದ್ದಲ್ವಾ? ನೀವಿಲ್ದೆ ಹೆಂಗೆ? ನಾವು ಅದೆಲ್ಲ ನೋಡಲ್ಲ."

ವಸಂತಲಕ್ಷ್ಮಿ ತಮ್ಮ ಎಂದಿನ ಜಾಗದಲ್ಲಿ, ಕಳಶದ ಎದುರಿಗೆ ಕೂತರು. ಕಮಲವ್ವ ಒಲೆಯ ಹತ್ತಿರದಿಂದ ತಿರುಗಿ ನೋಡಿದಳು. ಅವರು ಅಲ್ಲೇ ಕೂತಿರಲಿ ಅನಿಸಿತು.

ಪೂರ್ಣಿಮಾ ಒಬ್ಬೊಬ್ಬರಿಗೇ ಕುಂಕುಮ ಕೊಡುತ್ತ ಬಂದಳು. ವಸಂತಲಕ್ಷ್ಮಿಯ ಪಕ್ಕದವಳಿಗೆ ಕೊಟ್ಟಳು. ಆಮೇಲೆ ಅವಳ ಬೆರಳು ಬಟ್ಟಲಲ್ಲೇ ನಿಂತಿತು. ಊರಿಂದ ಬಂದಿದ್ದ ಅತ್ತೆಯ ಕಡೆ ಒಮ್ಮೆ ನೋಡಿದಳು. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ವಸಂತಲಕ್ಷ್ಮಿ ಎದ್ದರು. ಅವಸರವೇನಿಲ್ಲ. ನಡುಮನೆ ದಾಟಿ ಬಂದು ಕಮಲವ್ವನ ಪಕ್ಕ, ಎಲ್ಲರಿಗೂ ಬೆನ್ನು ಮಾಡಿ ನಿಂತರು. ಹಾಲು ಉಕ್ಕುತ್ತಿತ್ತು, ಕಮಲವ್ವ ಉರಿ ತಗ್ಗಿಸಿದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಆಮೇಲೆ ಅವರು ಮಗನ ಸಂಸಾರದ ಜೊತೆ ಟೆಕ್ಸಾಸಿಗೆ ಹೋದರು ಅಂತ ಸ್ವಪ್ನಾ ಹೇಳಿದಳು. ಕಮಲವ್ವನನ್ನು ಅವರು ಕೊನೆಯದಾಗಿ ಕೇಳಿದ್ದು ಆವತ್ತು ಆ ಒಲೆಯ ಮುಂದೆ, ಅವಳ ಕೈಯಿಂದ ಚಮಚ ತೆಗೆದುಕೊಂಡು:

"ಇನ್ಮೇಲೆ ಕಾಫಿ ನಾನು ನೋಡ್ಕೊಳ್ಳಲಾ, ಕಮಲಮ್ಮ?"