ಹನ್ನೊಂದು ಹುಣಸೆಬೀಜ

ನನ್ನ ಕೈಗಳಿಗೆ ಸುಮ್ಮನಿರುವ ವಿದ್ಯೆ ಬರುವುದಿಲ್ಲ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಬಾರದ ವಿದ್ಯೆಗಳು ಎಷ್ಟೋ, ಅದರಲ್ಲಿ ಇದೂ ಒಂದು ಎಂದು ನೀವು ನಗಬಹುದು. ಆದರೆ ನನ್ನ ಮಗಳು ಸುಮಾಳ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಲಕ್ಷಣ ಇನ್ನೊಂದಿಲ್ಲ. ಅವಳು ಬ್ಯಾಂಕಿನ ನೌಕರಿ ಬಿಟ್ಟು, ಸೂರತ್ತಿನ ಅಡಾಜಣ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ರೆಕಾರ್ಡು ಕಂಪನಿ ನಡೆಸುತ್ತಾಳೆ. ಕಂಪನಿ ಎಂದರೆ ಅವಳು, ನಾನು ಮತ್ತು ಒಂದು ಕಪಾಟು. ಯಾರೂ ಕೇಳದೆ ಬಿಟ್ಟ ಮುದುಕಿಯರ ಹಾಡುಗಳನ್ನು ಹುಡುಕಿ ಕರಿ ತಟ್ಟೆಯ ಮೇಲೆ ಮುದ್ರಿಸಿ ಹೊರಡಿಸುತ್ತಾಳೆ. ಫೋನಿನಲ್ಲಿ ಪುಕ್ಕಟೆ ಹಾಡು ಸಿಗುವಾಗ ಹಂಚಿನಷ್ಟು ಅಗಲದ ಈ ತಟ್ಟೆ ಯಾರಿಗೆ ಬೇಕು ಎಂದಿದ್ದೆ. "ಬೇಕಾದವ್ರಿಗೆ ಬೇಕವ್ವ," ಎಂದಳು. ಅಂಥವರೂ ಇದ್ದಾರೆ, ಅಹಮದಾಬಾದು, ವಡೋದರಾದಿಂದ ಹುಡುಕಿಕೊಂಡು ಬಂದು, ಕೂಸಿನ ಹಾಗೆ ಎರಡು ಅಂಗೈಯಲ್ಲಿ ಹಿಡಿದುಕೊಂಡು ಹೋಗುತ್ತಾರೆ.

ಎಲ್ಲ ಪ್ರತಿ ಒತ್ತುವ ಮೊದಲು ಕಾರ್ಖಾನೆಯವರು ನಾಲ್ಕೈದು ಮಾದರಿ ರೆಕಾರ್ಡು ಕಳಿಸುತ್ತಾರೆ. ಕೇಳಿ ತಪ್ಪು ಹಿಡಿಯುವುದು ನನ್ನ ಪಾಲಿನ ಕೆಲಸ. ಅರವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದವಳ ಕಿವಿಯೂ ಕಲ್ಲನ್ನೇ ಆರಿಸುತ್ತದೆ. 'ಟಕ್' ಎಂದಲ್ಲೆಲ್ಲ ಒಂದು ಹುಣಸೆಬೀಜವನ್ನು ಬಟ್ಟೆಯ ಮೇಲಿಡುತ್ತೇನೆ. ಸುಮಾಳಿಗೆ ಲೆಕ್ಕವಾಯಿತು, ನನ್ನ ಕೈಗೆ ಕೆಲಸವಾಯಿತು.

ಮೋತಿಬಾಳ ರೆಕಾರ್ಡಿಗೆ ಹನ್ನೊಂದು ಬೀಜ ಬಿದ್ದವು.

ಮೋತಿಬಾ ಸೂರತ್ತಿನದೇ ವರಾಛಾ ಬಡಾವಣೆಯ ಮುದುಕಿ, ನನ್ನ ವಾರಿಗೆಯವಳು. ಅವಳ ಗುಜರಾತಿಗೂ ನನ್ನ ಹರಕು ಹಿಂದಿಗೂ ಹೇಗೋ ಸರಿಹೊಂದುತ್ತದೆ. ಅವಳ ತೌರು ಸೌರಾಷ್ಟ್ರದ ಕಡೆ. ಅಲ್ಲಿ ಸತ್ತವರ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಹಾಡುವ ಹಾಡುಗಳು ಅವಳ ಮನೆತನದಲ್ಲಿ ಅವಳೊಬ್ಬಳಿಗೇ ಬರುತ್ತಿದ್ದವು. ಕಳೆದ ಚಳಿಗಾಲ ಸುಮಾ ನನ್ನನ್ನೂ ಕರೆದುಕೊಂಡು ಅವಳ ಮನೆಗೇ ಯಂತ್ರ ಒಯ್ದು ಹಾಡಿಸಿಕೊಂಡಳು. ತಿಂಗಳೊಳಗೆ ಮೋತಿಬಾಗೆ ಲಕ್ವಾ ಹೊಡೆಯಿತು. ಮಾತು ತೊದಲಿತು, ಹಾಡು ಹೋಯಿತು. ಉಳಿದಿರುವುದು ಈ ರೆಕಾರ್ಡು ಮಾತ್ರ. ಬಂತೇ ಎಂದು ದಿನವೂ ಕೇಳುತ್ತಿದ್ದಳು.

ಹನ್ನೊಂದು ಬೀಜ ನೋಡಿ ಸುಮಾ ಫೋನಿನಲ್ಲಿ ಕಾರ್ಖಾನೆಯವರ ಮೇಲೆ ಕೂಗಾಡಿದಳು. ಅವರು, ನಿಮ್ಮ ಮುಳ್ಳೇ ಸವೆದಿರಬೇಕು ಎಂದರು. ರೆಕಾರ್ಡಿನ ಮೇಲೆ ಓಡುವ ಮುಳ್ಳಿನ ತುದಿಗೆ ವಜ್ರದ ಚೂರಿರುತ್ತದೆ. ಮೋತಿಬಾಳ ಮಗ ಹರಿಭಾಯಿ ವಜ್ರಕ್ಕೆ ಸಾಣೆ ಹಿಡಿಯುವವನು, ಅವನನ್ನೇ ಕರೆಸಿದಳು. ಅವನು ಕಣ್ಣಿಗೆ ಪುಟ್ಟ ಭೂತಕನ್ನಡಿ ಒತ್ತಿಕೊಂಡು ಬಗ್ಗಿ ನೋಡಿದ.

"ಹರಳಿಗೇನೂ ಆಗಿಲ್ಲ ಬೇನ್. ನನ್ನ ಕಣ್ಣಿಗಿಂತ ಚೆನ್ನಾಗಿದೆ."

"ಹಾಗಾದರೆ ತಪ್ಪು ಅವರದೇ. ಹೊಸ ಅಚ್ಚು ಮಾಡಲಿ."

"ಎಷ್ಟು ದಿನ?"

"ನಾಲ್ಕು ತಿಂಗಳು."

ಹರಿಭಾಯಿ ಭೂತಕನ್ನಡಿಯನ್ನು ಜೇಬಿಗಿಟ್ಟ. "ಬಾ ನಾಲ್ಕು ತಿಂಗಳು ಇರುವುದಿಲ್ಲ," ಎಂದ. ಬಾ ಎಂದರೆ ಅವರಲ್ಲಿ ಅವ್ವ.

ಇಲ್ಲಿ ನನ್ನ ಹುಳುಕು ಹೇಳಲೇಬೇಕು. ಆ ಟಕ್ ಯಾವುದೆಂದು ನನಗೆ ಎರಡು ದಿನದಿಂದ ಗೊತ್ತಿತ್ತು. ಹಾಡಿಸಿಕೊಂಡ ದಿನ ಸುಮಾ ಮೋತಿಬಾಳ ಮನೆಯ ಕಿಟಕಿಗೆ ರಜಾಯಿ ಕಟ್ಟಿ, ಫ್ಯಾನು ನಿಲ್ಲಿಸಿ, ಆಚೆ ಕೋಣೆಯಲ್ಲಿ ಯಂತ್ರದ ಮುಂದೆ ಕೂತಳು. ಅಲುಗಾಡುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡೇ ಬಾಗಿಲು ಹಾಕಿದ್ದಳು. ಆದರೆ ಮೋತಿಬಾ ಬರಿಗೈಯಲ್ಲಿ ಹಾಡಲು ಒಪ್ಪಲಿಲ್ಲ. "ಸಾವಾಗದ ಮನೆಯಲ್ಲಿ ಬರಿಗೈಯಲ್ಲಿ ಇದನ್ನು ಹಾಡಿದರೆ ಯಮ ತನ್ನನ್ನೇ ಕರೆದರೆಂದು ಒಳಗೆ ಬರುತ್ತಾನೆ. ಮನೆಗೆಲಸ ನಡೆದಿದ್ದರೆ ಬೇರೆ ಬಾಗಿಲು ನೋಡುತ್ತಾನೆ," ಎಂದು ಪಾಪಡಿಯ ಬುಟ್ಟಿ ಎಳೆದಳು. ಪಾಪಡಿ ಎಂದರೆ ಇಲ್ಲಿಯವರ ಅವರೆಕಾಯಿ. ಇಬ್ಬರೂ ಸೆರಗಿನ ಮರೆಯಲ್ಲಿ ಕಳ್ಳರ ಹಾಗೆ ಸುಲಿದೆವು. ಹನ್ನೊಂದು ಕಾಯಿ ಮಾತ್ರ ಮಾತು ಕೇಳದೆ ಟಕ್ ಎಂದವು. ಏಳನೆಯದರಲ್ಲಿ ದಪ್ಪ ಹುಳವಿತ್ತು, ಎತ್ತಿ ತೋರಿಸಿದೆ, ಮೋತಿಬಾ ನಗು ನುಂಗಿದಳು, ದನಿ ನಡುಗಿತು. ಏಳನೆಯ ಬೀಜ ಇಡುವಾಗ ಅದೇ ನಡುಕ ಕೇಳಿ ಎಲ್ಲ ನೆನಪಾಗಿತ್ತು. ಯಂತ್ರದಲ್ಲಿದ್ದ ಮೂಲ ಹಾಡನ್ನು ಇನ್ನೊಮ್ಮೆ ಕೇಳಿದ್ದರೆ ಸುಮಾಳಿಗೂ ತಿಳಿಯಬೇಕಿತ್ತು. ಆದರೆ ನೂರು ಸಾರಿ ಕೇಳಿದ ಅವಳ ಕಿವಿಗೆ ಆ ಟಕ್ ಹಾಡಿನೊಳಗೇ ಸೇರಿಹೋಗಿತ್ತು. ಮಗಳ ಮುಂದೆ ಆಣೆ ಮುರಿದವಳಾಗಲಾರದೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ಕೈಗೆ ಬಾರದ ವಿದ್ಯೆ ಬಾಯಿಗೆ ಬಂದಿತ್ತು, ಬರಬಾರದ ಹೊತ್ತಿನಲ್ಲಿ.

ಹರಿಭಾಯಿಯ ಮಾತು ಕೇಳಿದ ಮೇಲೆ ಬಾಯಿ ಬಿಟ್ಟೆ. "ಸುಮಾ, ಟಕ್ ಅಂದದ್ದು ರೆಕಾರ್ಡಲ್ಲ. ನಾನು. ಪಾಪಡಿ ಸುಲೀತಿದ್ದೆ."

"ಒಂದ್ ತಾಸು ಸುಮ್ಮ ಕುಂದ್ರಾಕ ಆಗಲಿಲ್ಲೇನವ್ವ ನಿನಗ?"

"ಆಗಲಿಲ್ಲ. ಪಾಪ, ಕಾರ್ಖಾನಿಯವ್ರನ್ನ ಬೈಯೂದು ಬಿಡು."

"ಮತ್ತ ಏಳನೇ ಟಕ್ ಆದಲ್ಲೆ ದನಿ ಒಡೀತದಲ್ಲ? ದುಃಖದಿಂದ ಅಂತ ಕವರಿನ ಮ್ಯಾಲ ಬರದೇನಿ."

"ಅದು ಹುಳ."

ಸುಮಾ ಇದ್ದ ಹಾಗೇ ಒತ್ತಿ ಎಂದು ಕಾರ್ಖಾನೆಗೆ ಒಪ್ಪಿಗೆ ಬರೆದಳು, ಕವರಿನ ಆ ಸಾಲು ಹೊಡೆದು ಹಾಕಿದಳು.

ಮರುದಿನ ಮಾದರಿ ರೆಕಾರ್ಡು, ಅದನ್ನು ನುಡಿಸುವ ಯಂತ್ರ ಹೊತ್ತು ವರಾಛಾಕ್ಕೆ ಹೋದೆವು. ಮೋತಿಬಾ ಮಂಚ ಹಿಡಿದು ಮಲಗಿದ್ದಳು, ಮುಖದ ಒಂದು ಭಾಗ ಜೋತಿತ್ತು. ಸುಮಾ ಮುಳ್ಳು ಇಳಿಸಿದಳು. ನಾನು ಬುದ್ಧಿ ಕಲಿತವಳಂತೆ ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು ಕೂತೆ. ಎರಡು ಸಾಲು ಮುಗಿದಿರಲಿಲ್ಲ, ಮೋತಿಬಾ ಒದ್ದಾಡಿದಳು. ಹರಿಭಾಯಿ ನೀರು ತಂದ; ಬೇಡ. ಎತ್ತಬಲ್ಲ ಒಂದೇ ಕೈಯೆತ್ತಿ ನನ್ನ ಮಡಿಲು ತೋರಿಸಿದಳು. "ಹಾಥ್... ಹಾಥ್." ಕೈ, ಕೈ.

ಬರಿಗೈ. ಆ ಹಾಡು, ಸಾವಾಗದ ಆ ಮನೆ, ನಾವೆಲ್ಲ ಬರಿಗೈಯಲ್ಲಿ.

ಮತ್ತೆ ಚಳಿಗಾಲ ಬಂದಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಪಾಪಡಿಯ ಬುಟ್ಟಿ ಇತ್ತು. ಎಳೆದುಕೊಂಡೆ. ರೆಕಾರ್ಡಿನಿಂದ ಒಂದು ಟಕ್, ನನ್ನ ಕೈಯಿಂದ ಒಂದು ಟಕ್. ಮೋತಿಬಾ ಕೈ ಇಳಿಸಿ ಕೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಸುಮಾಳೂ ನೆಲಕ್ಕೆ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡಳು. ಅವಳಿಗೆ ಸುಲಿದು ರೂಢಿಯಿಲ್ಲ. ಬಹಳ ಸದ್ದು ಮಾಡಿದಳು.