ಮದುಮಗನ ಹಾಸಿಗೆಯಲ್ಲಿ ಮೊದಲು ಮಲಗಿದವ

ಬಂಟ್ವಾಳದಲ್ಲಿ ನನ್ನದು ಹತ್ತಿ ಹಾಸಿಗೆಯ ಅಂಗಡಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ದಬ್ಬಣ ಹಿಡಿದವನು. ನಾನು ಹೊಲಿದ ಹಾಸಿಗೆಯಲ್ಲಿ ಒಂದು ಗಂಟು ಹುಡುಕಿ ಕೊಡಿ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಅಂಥವನಿಗೆ ತೊಂಬತ್ತರ ದಶಕದ ಕೊನೆಗೆ, ಹಳೆಯ ಹಾಸಿಗೆ ಬಿಚ್ಚಿದರೆ ಸಾಕು, ಸೀನು ಶುರು. ಸೀನು ನಿಂತರೆ ಉಬ್ಬಸ.

ಮೂಡುಬಿದಿರೆಯ ಡಾಕ್ಟರು, ಮೈಗೆ ಯಾವುದು ಆಗುವುದಿಲ್ಲ ಎಂದು ತಿಳಿಯಲು ನನ್ನ ಕೈಗೆ ಸಾಲಾಗಿ ಸೂಜಿ ಚುಚ್ಚಿ ನೋಡಿದರು. ಒಂದು ಕಡೆ ದಪ್ಪಗೆ ಬಾತುಕೊಂಡಿತು.

"ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಉಂಟು. ನಿಮಗೆ ಆಗದ್ದು ಅದು. ಒಂದೋ ಕೆಲಸ ಬಿಡಿ, ಇಲ್ಲವೋ ಕೆಲವು ವರ್ಷ ಇಂಜೆಕ್ಷನ್ ತಕೊಳ್ಳಿ."

"ಅದರಲ್ಲಿ ಎಂತ ಉಂಟು ಡಾಕ್ಟ್ರೆ?"

"ಅದೇ ಹುಳದ ಅಂಶ."

ನನಗೆ ನಗು ಬಂತು. ದಿನವಿಡೀ ಪುಕ್ಕಟೆ ನುಂಗುವುದನ್ನು ಇಲ್ಲಿ ಬಂದು ಚುಚ್ಚಿಸಿಕೊಳ್ಳಬೇಕೇ?

"ಮೀನಿನವ ಹೊಸದಾಗಿ ಬಂದಾಗ ನಿಮ್ಮ ನಾಯಿ ಬೊಗಳ್ತದಲ್ಲ? ದಿನಾ ನೋಡಿದರೆ ಸುಮ್ಮನಾಗ್ತದೆ. ಮೈಯೂ ಹಾಗೆ. ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿಸುದು. ಅವಸರ ಮಾಡ್ಲಿಕ್ಕಿಲ್ಲ."

ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಒಪ್ಪಿದೆ. ಮಾರುದ್ದದ ದಬ್ಬಣ ಆಡಿಸುವ ನಾನು ಆ ಸಣ್ಣ ಸೂಜಿ ಕಂಡರೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಕೆಲವು ತಿಂಗಳಲ್ಲಿ ಸೀನು ತುಸು ಇಳಿಯಿತು. ಆಗ ನನ್ನ ತಲೆ ಓಡಿತು: ಚಿಟಿಕೆಯಷ್ಟಕ್ಕೇ ಇಷ್ಟು ಗುಣವಾದರೆ, ಬುಟ್ಟಿಗಟ್ಟಲೆ ಕೊಟ್ಟರೆ ಬೇಗ ಮುಗಿಯದೇ?

ವಿಟ್ಲದ ಒಂದು ಬ್ಯಾರಿ ಮುಸ್ಲಿಮರ ಮನೆಯಲ್ಲಿ ಮದುವೆ. ಅವರಲ್ಲಿ ಮದುಮಗ ಹೆಣ್ಣಿನ ಮನೆಗೇ ಬರುವುದು ಕ್ರಮ, ಅವನ ಕೋಣೆಗೆ ಹೊಸ ಹಾಸಿಗೆ ಬೇಕು. ನೆಂಟರಿಗೆ ಹಳೆಯವನ್ನೂ ಬಿಚ್ಚಿ ಹತ್ತಿ ಬಡಿಯಬೇಕು. ಅಂದು ಬೆಳಿಗ್ಗೆಯೇ ಇಂಜೆಕ್ಷನ್ ಆಗಿತ್ತು. "ಇವತ್ತು ಧೂಳಿನ ಹತ್ತಿರ ಹೋಗ್ಬೇಡಿ" ಎಂದು ಡಾಕ್ಟರು ಹೇಳಿದ್ದರು. ನಾನು ನೇರ ವಿಟ್ಲದ ಬಸ್ಸು ಹತ್ತಿದೆ. ಹೊಸ ಹಾಸಿಗೆ ಹೊಲಿದು ಕೋಣೆಯಲ್ಲಿ ಹಾಸಿದೆ. ಆಮೇಲೆ ಧೂಳಿಗೆಂದು ಮುಖಕ್ಕೆ ಟವೆಲ್ಲಿನಂತೆ ಕಟ್ಟುವ ಬೈರಾಸನ್ನು ಬಿಚ್ಚಿ ಹೆಗಲಿಗೆ ಹಾಕಿ, ಹಳೆಯ ಹತ್ತಿಯನ್ನು ಬಾಯಿ ತೆರೆದೇ ಬಡಿದೆ. ಒಬ್ಬ ಮೀನಿನವನ ಬದಲು ಇಡೀ ಮೀನು ಮಾರ್ಕೆಟನ್ನೇ ಅಂಗಳಕ್ಕೆ ಕರೆತಂದ ಹಾಗಾಯಿತು.

ಕಣ್ಣು ಉಬ್ಬಿತು, ಎದೆ ಸೀಟಿ ಊದಿತು, ಮಾತು ನಿಂತಿತು. ಹೆಂಗಸರು ಬೊಬ್ಬೆ ಹಾಕಿದರು. ಎತ್ತಿ ಒರಗಿಸಲು ಹತ್ತಿರ ಸಿಕ್ಕಿದ್ದು ಅದೇ ಹೊಸ ಹಾಸಿಗೆ. ಜೀಪು ಬರುವವರೆಗೆ ಜೇಬಿನಲ್ಲಿದ್ದ ಉಬ್ಬಸದ ಪಂಪು ಹೀರುತ್ತಾ ಅಲ್ಲೇ ಬಿದ್ದಿದ್ದೆ. ಮದುಮಗಳ ಅಜ್ಜಿ ಗಾಳಿ ಹಾಕುತ್ತಾ ಹೇಳಿದರು:

"ಮದುಮಗ ಇನ್ನೂ ಹೊರಡ್ಲಿಲ್ಲ, ನೀವು ಮಲಗಿ ಆಯ್ತಾ ಮಾರಾಯ್ರೆ?"

ಡಾಕ್ಟರು ಬೈದರು. ಡೋಸನ್ನು ಕೆಳಗಿಳಿಸಿ ಮತ್ತೆ ಮೆಲ್ಲ ಮೆಲ್ಲ ಏರಿಸಿದರು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿದ ಹಾಗೆ. ಈ ಸಲ ಪಾಸಾಗುವವರೆಗೆ ಕೂತೆ. ಸೀನು ಪೂರ್ತಿ ಹೋಗಲಿಲ್ಲ. ಆದರೆ ಉಬ್ಬಸ ಅಪರೂಪವಾಯಿತು, ದಬ್ಬಣ ಕೈಯಲ್ಲೇ ಉಳಿಯಿತು.

ಕೆಲವು ವರ್ಷದ ಮೇಲೆ ಅದೇ ಮನೆಯ ಎರಡನೇ ಹುಡುಗಿಯ ಮದುವೆಗೂ ನನ್ನನ್ನೇ ಕರೆದರು. ಬೈರಾಸನ್ನು ಕಣ್ಣಿನವರೆಗೆ ಬಿಗಿದು ಬಡಿಯುತ್ತಿದ್ದೆ. ಅಜ್ಜಿ ಬಾಗಿಲಿಗೆ ಬಂದು ನಿಂತರು.

"ಈ ಸಲ ಬಡಿದು ಮಾತ್ರ ಹೋಗ್ತೀರಾ, ಅಲ್ಲ ಮಲಗಿಯೇ ಹೋಗುದಾ?"

ನಾನು ಬೈರಾಸಿನ ಗಂಟನ್ನು ಇನ್ನೊಂದು ಸುತ್ತು ಬಿಗಿದು ಬಡಿಯತೊಡಗಿದೆ.